ಸರಿಪಡಿಸಿ, ಆದರೆ ಹಳೆಯದನ್ನು ಬೀಳಿಸಬೇಡಿ

2010ರಲ್ಲಿ ಫೆಡೋರಾ 14 ಹಾಕಿಕೊಂಡ ಕೆಲವರಿಗೆ ಫ್ಲ್ಯಾಶ್ ವಿಡಿಯೋದ ಸದ್ದು ಇದ್ದಕ್ಕಿದ್ದಂತೆ ಕೆಟ್ಟುಹೋಯಿತು. ಫ್ಲ್ಯಾಶ್ ಬದಲಾಗಿರಲಿಲ್ಲ. ಬದಲಾಗಿದ್ದು ಜಿಲಿಬ್‌ಸಿ, ಅಂದರೆ ಲಿನಕ್ಸ್‌ನ ಹೆಚ್ಚಿನ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿ ಲೈಬ್ರರಿ. ವೇಗ ಹೆಚ್ಚಲಿ ಅಂತ ಅದರ ಮೆಮ್‌ಕಾಪಿಯನ್ನು ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ನಕಲು ಮಾಡುವಂತೆ ತಿದ್ದಿದ್ದರು.

ಒಂದರ ಮೇಲೊಂದು ಬೀಳುವ ಜಾಗಗಳಿಗೆ ಮೆಮ್‌ಕಾಪಿ ಬಳಸಬಾರದು, ಮೆಮ್‌ಮೂವ್ ಬಳಸಬೇಕು ಅಂತ ನಮಗೆಲ್ಲ ಗೊತ್ತು. ನಿಯಮ ನೋಡಿದರೆ ತಪ್ಪು ಫ್ಲ್ಯಾಶ್‌ನದ್ದೇ. ಆದರೂ ಲಿನಸ್ ಟೊರ್ವಾಲ್ಡ್ಸ್ ಬಳಕೆದಾರರ ಪರ ವಾದಿಸಿದರು. ನನ್ನ ಮತವೂ ಅದೇ. ನಿಯಮ ಮುರಿದವರು ಒಬ್ಬರು, ದಂಡ ಕಟ್ಟುವವರು ಇನ್ನೊಬ್ಬರು ಅಂದರೆ ಯಾವ ನ್ಯಾಯ?

2011ರ 2.14 ಆವೃತ್ತಿಯಲ್ಲಿ ದಾರಿ ಸಿಕ್ಕಿತು. ಹಳೆಯ ಪ್ರೋಗ್ರಾಂ ಮೆಮ್‌ಕಾಪಿ ಕೇಳಿದರೆ ಮೆಮ್‌ಮೂವ್‌ನಂತೆ ಸುರಕ್ಷಿತವಾಗಿ ನಡೆಯುವುದು ಸಿಗುತ್ತದೆ. ಹೊಸದಾಗಿ ಕಂಪೈಲ್ ಮಾಡಿದ್ದಕ್ಕೆ ಹೊಸದು. ಇದಕ್ಕೆ ಸಿಂಬಲ್ ವರ್ಷನಿಂಗ್ ಅಂತಾರೆ. ನಮ್ಮ ಕಡೆ ಇದು ಹೊಸ ಮಾತಲ್ಲ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನ ಹೋಬಳಿ, ಈಗ ತಾನೇ ತಾಲ್ಲೂಕು. ಹಾಗಂತ ತರೀಕೆರೆ ತಾಲ್ಲೂಕು ಅಂತ ಬರೆದ ಹಳೆಯ ಕ್ರಯಪತ್ರ ರದ್ದಾಗಲಿಲ್ಲ. ಚಿಕ್ಕಮಗಳೂರು ಜಿಲ್ಲೆಗೆ ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಅಂತ ಹೆಸರಿತ್ತು. ಆ ಹೆಸರಿನ ಕಾಗದಗಳನ್ನು ಇವತ್ತೂ ಓದುತ್ತೇವೆ.

ಕನ್ನಡವೇ ಈ ಔದಾರ್ಯದ ಫಲಾನುಭವಿ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರುತ್ತದೆ. ‘ರ‍್ಯಾಂಕ್’ನಲ್ಲಿ ಅದು ಬರದಿರಲು ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಬೇಕು. ರ, ಜಾಯ್ನರ್, ಆಮೇಲೆ ಹಲಂತ: ಇದು ಸರಿಯಾದ ಕ್ರಮ. ಆದರೆ ಹಲಂತ ಮೊದಲು, ಜಾಯ್ನರ್ ಆಮೇಲೆ ಹಾಕಿದ ಹಳೆಯ ಬರಹವೂ ಇದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿಯಲ್ಲಿ ಕನ್ನಡಕ್ಕೆಂದೇ ಕೆಲವು ಸಾಲುಗಳಿವೆ. ಹಳೆಯ ಕ್ರಮ ಕಂಡರೆ ಅವು ಆ ಎರಡನ್ನು ಅದಲುಬದಲು ಮಾಡಿಕೊಳ್ಳುತ್ತವೆ. ‘ನಿಮ್ಮ ಟೈಪಿಂಗೇ ತಪ್ಪು’ ಅಂತ ಅವರು ಕೈತೊಳೆದುಕೊಳ್ಳಲಿಲ್ಲ.

ಹಾಗಾದರೆ ಏನನ್ನೂ ಮುಟ್ಟಲೇಬಾರದಾ? ಹಾಗಲ್ಲ. ಜಿಲಿಬ್‌ಸಿಯ ಘೋಸ್ಟ್ ದೋಷ 2013ರಲ್ಲೇ ಸರಿಯಾಗಿತ್ತು. ಅದು ಭದ್ರತೆಯ ವಿಷಯ ಅಂತ ಯಾರೂ ಗುರುತಿಸದ ಕಾರಣ, ಸ್ಥಿರತೆಗೆ ಹೆಸರಾದ ಹಲವು ಲಿನಕ್ಸ್ ಆವೃತ್ತಿಗಳು ಹಳೆಯದನ್ನೇ ಇಟ್ಟುಕೊಂಡವು. 2015ರ ಜನವರಿಯಲ್ಲಿ ಅಪಾಯ ಬಯಲಾದಾಗ ಎಲ್ಲರೂ ಓಡೋಡಿ ಪ್ಯಾಚ್ ಹಾಕಬೇಕಾಯಿತು. ಕಳ್ಳ ನುಗ್ಗುವ ಬಾಗಿಲನ್ನು ಹೊಂದಾಣಿಕೆಯ ಹೆಸರಲ್ಲಿ ತೆರೆದಿಡಬಾರದು. ಅಂಥ ಕಡೆ ಹಳೆಯ ಪ್ರೋಗ್ರಾಂ ನಿಂತರೂ ಪರವಾಗಿಲ್ಲ.

ಉಳಿದ ಕಡೆಯಲ್ಲೆಲ್ಲ ಹೊರೆ ತಿದ್ದುವವರ ಮೇಲಿರಲಿ. ಹಳೆಯ ನಡವಳಿಕೆ ಉಳಿಸೋದು ಬೇಜಾರಿನ ಕೆಲಸ, ಕೋಡ್ ಚೆಂದವೂ ಕಾಣಲ್ಲ. ನಿಜ. ಆದರೆ ನಾಳೆ ನಾವು ಬರೆಯುವ ಲೈಬ್ರರಿಯನ್ನು ನಂಬಿ ಕೂತವರಿಗೆ ನಮ್ಮ ಹೆಸರೂ ಗೊತ್ತಿರಲ್ಲ. ಕೆಟ್ಟರೆ ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲ್ಲ. ಅವರ ಪರವಾಗಿ ಯೋಚಿಸಬೇಕಾದವರು ನಾವೇ.