ಮನೆಯಂಗಳ: ಜಾರಿದವನ ಕೈ ಹಿಡಿಯುವುದು



ಸಪ್ತ ವ್ಯಸನಗಳ ಹೆಸರನ್ನು ನಾವೆಲ್ಲ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಜೂಜು, ಮಾಂಸ, ಮದ್ಯ ಎಂದು ಬೆರಳು ಮಡಿಸಿ ಎಣಿಸುವಾಗ ಇವು ನಮ್ಮ ಮನೆಯ ಹೊಸ್ತಿಲು ದಾಟಲಾರವು ಎಂಬ ಧೈರ್ಯ ನಮಗೆ. ಆ ಧೈರ್ಯ ನಮ್ಮ ಅಣ್ಣನ ಮನೆಯಲ್ಲಿ ಮುರಿದುಬಿತ್ತು. ಓದಲೆಂದು ದೂರದ ಊರಿಗೆ ಹೋದ ಹುಡುಗ ಬ್ರೌನ್ ಶುಗರ್ ಎಂದು ಕರೆಯುವ ಹೆರಾಯಿನ್ ಪುಡಿಗೆ ಅಂಟಿಕೊಂಡಿದ್ದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ವಿಷಯ ತಿಳಿದ ಮೇಲೆ ನಾವು ಮೊದಲು ಮಾಡಿದ್ದು ಮುಚ್ಚಿಡುವ ಕೆಲಸ. ಕೇಳಿದವರಿಗೆ ಕಾಮಾಲೆ ಎಂದೆವು. ಅನ್ಯರ ದೋಷವನ್ನು ಮರೆಮಾಡುವುದೇ ಉಪಗೂಹನವಲ್ಲವೇ ಎಂದು ಸಮಾಧಾನ ಹೇಳಿಕೊಂಡೆವು. ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ನೋಡಿದೆವು. ಮೈನೋವು, ವಾಂತಿ, ನಿದ್ರೆಯಿಲ್ಲದ ರಾತ್ರಿಗಳು ವಾರ ಕಳೆದು ಇಳಿದಾಗ ಗುಣವಾಯಿತೆಂದೇ ನಂಬಿದೆವು. ಹದಿನೈದನೆಯ ದಿನ ಅವನು ಉಸಿರು ನಿಲ್ಲುವ ಸ್ಥಿತಿಯಲ್ಲಿ ಬಚ್ಚಲಿನಲ್ಲಿ ಬಿದ್ದಿದ್ದ. ಸೇವನೆ ನಿಲ್ಲಿಸಿದ ದಿನಗಳಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ. ಹಿಂದೆ ತಡೆದುಕೊಂಡ ಪ್ರಮಾಣವೇ ಆಗ ಪ್ರಾಣ ತೆಗೆಯಬಲ್ಲುದು ಎಂಬುದು ನಮಗೆ ಆಸ್ಪತ್ರೆಯಲ್ಲಿ ತಿಳಿಯಿತು. ಮದ್ಯವನ್ನೋ ನಿದ್ರೆಗುಳಿಗೆಯನ್ನೋ ಹೆಚ್ಚಾಗಿ ಸೇವಿಸುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುವುದುಂಟು. ಆದ್ದರಿಂದ ವೈದ್ಯರಿಲ್ಲದೆ ಮನೆಯಲ್ಲೇ ಬಿಡಿಸುವ ಸಾಹಸ ಯಾರಿಗೂ ಬೇಡ.

ಉಪಗೂಹನವೆಂದರೆ ದೋಷವನ್ನು ಬೀದಿಯಲ್ಲಿ ಸಾರದಿರುವುದು, ವೈದ್ಯರಿಂದ ಬಚ್ಚಿಡುವುದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದರ ಮುಂದಿನದೇ ಸ್ಥಿತಿಕರಣ. ಜಾರಿದವನನ್ನು ಮತ್ತೆ ನೆಲೆಗೊಳಿಸುವುದು ಎಂದರ್ಥ. ಇದಕ್ಕೆ ದೃಷ್ಟಾಂತವಾದ ವಾರಿಷೇಣ ಮುನಿಯ ಕಥೆ ನಮಗೆಲ್ಲ ಗೊತ್ತು. ದೀಕ್ಷೆ ಪಡೆದೂ ಮನಸ್ಸನ್ನು ಮನೆಯಲ್ಲೇ ಬಿಟ್ಟಿದ್ದ ಗೆಳೆಯನನ್ನು ಆತ ಗದರಿಸಿ ಓಡಿಸಲಿಲ್ಲ. ಜೊತೆಯಲ್ಲೇ ನಡೆದು ಅವನ ಕಣ್ಣು ತೆರೆಸಿದ. ಆ ಜೊತೆ ನಡೆಯುವುದು ಎಷ್ಟು ದೀರ್ಘವೆಂದು ನಮಗೆ ಈಗ ಅರ್ಥವಾಗಿದೆ.

ವೈದ್ಯರು ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆ ಬರೆದರು. "ಒಂದನ್ನು ಬಿಡಿಸಿ ಇನ್ನೊಂದನ್ನು ಅಂಟಿಸುವುದೇ?" ಎಂದು ಅತ್ತಿಗೆ ಕೇಳಿದರು. ಇದು ಅಮಲಿಗಾಗಿ ಅಲ್ಲ, ಚಡಪಡಿಕೆಯನ್ನು ತಡೆದು ಹುಡುಗ ಊಟ, ನಿದ್ರೆ, ಕೆಲಸಕ್ಕೆ ಮರಳಲೆಂದು. ತಾವು ಹೇಳುವವರೆಗೆ ನಿಲ್ಲಿಸಕೂಡದು ಎಂದು ಅವರು ವಿವರಿಸಿದರು. ಗುಳಿಗೆಯನ್ನು ಬೀಗದಲ್ಲಿಟ್ಟು ದಿನವೂ ಅತ್ತಿಗೆಯೇ ಕೊಡುತ್ತಾರೆ.

ರಾತ್ರಿ ಊಟದ ನಂತರದ ಇನ್ನೊಂದು ಗುಳಿಗೆಗೆ ಅಮ್ಮನ ತಕರಾರು ಬಂತು. "ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಬೇಡ ಮಗಾ" ಎಂದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ವೈದ್ಯರನ್ನೇ ಕೇಳಿದೆವು. ಅವರು ಅದನ್ನು ಸಂಜೆಯ ಊಟದ ಹೊತ್ತಿಗೆ ಬದಲಿಸಿಕೊಟ್ಟರು. ಕೇಳದೆ ಗುಳಿಗೆ ತಪ್ಪಿಸಿದ್ದರೆ ಏನಾಗುತ್ತಿತ್ತೋ! ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವೆನೆಂದು ಹುಡುಗನೇ ಹಠ ಹಿಡಿದ. ಶಕ್ತಿಗೆ ತಕ್ಕ ತಪವೆಂದೇ ನಮ್ಮ ಶಾಸ್ತ್ರ ಹೇಳುತ್ತದೆ. ಆ ವರ್ಷ ಅವನು ಅಮ್ಮನಿಗೆ ದಿನವೂ ಸ್ವಾಧ್ಯಾಯ ಓದಿ ಹೇಳಿದ. ನಮಗೆ ಅದೇ ತಪವೆನಿಸಿತು.

ನಾವು ಕಲಿತ ಇನ್ನೂ ಕೆಲವು ಮಾತುಗಳು. ಕೈಗೆ ಇಡಿಗಂಟು ಹಣ ಕೊಡಬಾರದು. ಬೇಕಾದ ವಸ್ತುವನ್ನು ತಂದುಕೊಡಬೇಕು. ಅವನ ಸಾಲವನ್ನು ಗುಟ್ಟಾಗಿ ತೀರಿಸಬಾರದು. ಜೇಬು ತಡಕುವುದರ ಬದಲು ನೇರವಾಗಿ ಕೇಳಬೇಕು. ಬಸದಿಯಲ್ಲಿ ದೇವರ ಮುಂದೆ ನಿಲ್ಲಿಸಿ ಬಲವಂತದ ಆಣೆ ಹಾಕಿಸಬಾರದು. ಆಣೆ ಮುರಿದ ದಿನ ನಾಚಿಕೆಯಿಂದ ಮನೆಗೇ ಬಾರದೆ ಹೋದಾನು.

ನಾಲ್ಕನೆಯ ತಿಂಗಳಲ್ಲಿ ಅವನು ಮತ್ತೊಮ್ಮೆ ಜಾರಿದ. ಅಣ್ಣ ಕೈ ಎತ್ತಿದರು. ಅತ್ತಿಗೆ ನಡುವೆ ನಿಂತು, "ತಾನಾಗಿ ಬಂದು ಹೇಳಿದ್ದಾನೆ, ಅಷ್ಟು ಸಾಕು" ಎಂದರು. ಮರುದಿನ ಬೆಳಿಗ್ಗೆಯೇ ಮೂವರೂ ವೈದ್ಯರ ಬಳಿಗೆ ಹೋದರು. ಮರಳಿ ಜಾರುವುದು ಈ ಕಾಯಿಲೆಯಲ್ಲಿ ಆಗುವಂಥದೇ, ಚಿಕಿತ್ಸೆ ವ್ಯರ್ಥವಾಯಿತೆಂದಲ್ಲ.

ಪೊಲೀಸರ ಭಯದಿಂದ ಹಿಂಜರಿಯುವವರಿಗೆ ಒಂದು ಮಾತು. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಮುಂದೆ ಬಂದು ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆಯುಂಟು. ಸಲಹೆಗೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಉಚಿತ ದೂರವಾಣಿಗಳಿವೆ. ಕೇರಳದಲ್ಲಿರುವ ನಮ್ಮ ಕುಟುಂಬಗಳಿಗೆ 2016ರಲ್ಲಿ ಆರಂಭವಾದ 'ವಿಮುಕ್ತಿ' ಯೋಜನೆಯ ಚಿಕಿತ್ಸಾ ಕೇಂದ್ರಗಳಿವೆ.

ಮೊನ್ನೆ ಅಭಿಷೇಕಕ್ಕೆ ಹುಡುಗ ತಾನಾಗಿ ಬಂದು ಬಸದಿಯ ಬಾಗಿಲ ಬಳಿ ನಿಂತಿದ್ದ. ಹಿರಿಯರೊಬ್ಬರು ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ; ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಓದುಗರಲ್ಲಿ ನಮ್ಮ ಬಿನ್ನಹವೂ ಅಷ್ಟೇ.