ಕಸಕ್ಕೆ ಬೆಲೆಯಿಲ್ಲ, ಉಗ್ರಾಣಕ್ಕೆ ಬಾಡಿಗೆಯುಂಟು

ಮಕ್ಕಳ ಚಿತ್ರಕಲೆಗೂ ಕೈಗೆಲಸಕ್ಕೂ ಬೇಕಾದ ರಟ್ಟು, ಬಟ್ಟೆ, ನೂಲು, ತಂತಿ, ಮರದ ತುಂಡುಗಳನ್ನು ಕೊಳ್ಳಲು ಹಣವಿಲ್ಲದ ಶಾಲೆಗಳು ಒಂದು ಕಡೆ. ಅವೇ ವಸ್ತುಗಳನ್ನು ಕಸವೆಂದು ಹಣ ತೆತ್ತು ಹೊರಗೆ ಸಾಗಿಸುವ ಕಾರ್ಖಾನೆಗಳು ಇನ್ನೊಂದು ಕಡೆ. ಇವೆರಡರ ನಡುವೆ ನಿಂತು, ಒಬ್ಬರ ಕಸವನ್ನು ಇನ್ನೊಬ್ಬರ ಸಾಮಗ್ರಿಯಾಗಿ ಮಾಡುವ ಸಂಸ್ಥೆಗಳು ಕೆಲವು ದೇಶಗಳಲ್ಲಿ ಹುಟ್ಟಿಕೊಂಡಿವೆ. ಲಾಭದ ಹಂಬಲವಿಲ್ಲದ ಇಂಥ ಕಾರ್ಯಕ್ಕೆ ಸಹಾಯಧನ ಸಲ್ಲಬೇಕೆ, ಸಲ್ಲುವುದಾದರೆ ಅದರ ಯಾವ ಭಾಗಕ್ಕೆ ಎಂಬುದು ವಿಚಾರಿಸಬೇಕಾದ ಸಂಗತಿ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1976ರಲ್ಲಿ, ತಂತಿಯನ್ನು ಹೆಣೆದು ಶಿಲ್ಪ ರಚಿಸುವುದರಲ್ಲಿ ಖ್ಯಾತರಾಗಿದ್ದ ರೂತ್ ಅಸಾವಾ ಮತ್ತು ಆನ್ ಮೇರಿ ಥೀಲೆನ್ ‘ಸ್ಕ್ರ್ಯಾಪ್’ ಎಂಬ ಕೇಂದ್ರವನ್ನು ತೆರೆದರು. ಎರಡು ವರ್ಷಗಳ ಬಳಿಕ ನ್ಯೂಯಾರ್ಕಿನಲ್ಲಿ, ಪ್ರಾಣಿಗಳ ಔಷಧವನ್ನಿಡಲು ಮೃಗಾಲಯವೊಂದಕ್ಕೆ ಶೀತಕ ಪೆಟ್ಟಿಗೆ ಬೇಕಾಯಿತು. ನಗರದ ಸಂಸ್ಕೃತಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಆಂಜೆಲಾ ಫ್ರೀಮಾಂಟ್ ಎಂಬ ಕಲಾವಿದೆ ಈ ವಿಷಯವನ್ನು ರೇಡಿಯೋ ಮೂಲಕ ತಿಳಿಸಿದಾಗ, ಬೇಕಾದುದಕ್ಕಿಂತ ಹೆಚ್ಚು ಪೆಟ್ಟಿಗೆಗಳು ದಾನವಾಗಿ ಒದಗಿದುವಂತೆ. ‘ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್’ ಹುಟ್ಟಿದ್ದು ಹೀಗೆ. ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದಲ್ಲಿ 1996ರಲ್ಲಿ ಸ್ಥಾಪಿತವಾದ ‘ರೆಮಿಡಾ’ ಸುತ್ತಲಿನ ಕಾರ್ಖಾನೆಗಳ ಅಳಿದುಳಿದ ವಸ್ತುಗಳನ್ನು ಶಿಶುವಿಹಾರಗಳಿಗೂ ಶಾಲೆಗಳಿಗೂ ಒದಗಿಸುತ್ತದೆ. ಮುಟ್ಟಿದ್ದನ್ನೆಲ್ಲ ಚಿನ್ನವಾಗಿಸಿದ ಮಿಡಾಸ್ ದೊರೆಯ ಹೆಸರೇ ಅದಕ್ಕೆ.

ಈ ಕಾರ್ಯದ ಹಿಂದೆ ವೈಜ್ಞಾನಿಕ ತಥ್ಯವೊಂದಿದೆ. ಹಳೆಯ ರಟ್ಟನ್ನು ಹೊಸ ಕಾಗದವಾಗಿ ಮಾಡಬೇಕಾದರೆ ಅದನ್ನು ನೀರಿನಲ್ಲಿ ಅರೆದು ತಿರುಳು ಮಾಡಿ ಒಣಗಿಸಬೇಕು. ಪ್ರತಿ ಸಲವೂ ಅದರ ನಾರುಗಳು ಗಿಡ್ಡವಾಗಿ ದುರ್ಬಲವಾಗುತ್ತವೆ. ಅಲ್ಯೂಮಿನಿಯಮ್ ಚೂರುಗಳನ್ನು ಕರಗಿಸಿದರೆ ಅದಿರಿನಿಂದ ಲೋಹ ತೆಗೆಯಲು ಬೇಕಾದ ಶಕ್ತಿಯ ಸುಮಾರು 5 ಭಾಗ ಶೇಕಡ ಸಾಕು, ನಿಜ; ಆದರೂ ಕುಲುಮೆಯ ಉರಿ ತಪ್ಪಿದ್ದಲ್ಲ. ವಸ್ತುವನ್ನು ಇದ್ದ ರೂಪದಲ್ಲಿಯೇ ಬಳಸಿದರೆ ಅರೆಯುವ, ಕರಗಿಸುವ ವೆಚ್ಚವೆರಡೂ ಇಲ್ಲ. ಅದನ್ನು ರೂಪಿಸುವಾಗ ವ್ಯಯವಾದ ಶ್ರಮವೂ ಶಕ್ತಿಯೂ ಅದರಲ್ಲಿಯೇ ಉಳಿದು ಇನ್ನೊಮ್ಮೆ ಪ್ರಯೋಜನಕ್ಕೆ ಬರುತ್ತವೆ.

ಹಾಗೆಂದ ಮಾತ್ರಕ್ಕೆ ಈ ಸಾಮಗ್ರಿ ಪುಕ್ಕಟೆಯೆಂದು ತಿಳಿಯುವುದು ಸರಿಯಲ್ಲ. ತಪ್ಪು ತಿಳಿವಳಿಕೆ ಮೊದಲಾಗುವುದು ಇಲ್ಲಿಯೇ. ಬಂದ ರಾಶಿಯನ್ನು ತರಬೇಕು, ಬಿಡಿಸಬೇಕು, ತೊಳೆಯಬೇಕು, ಬಗೆಬಗೆಯಾಗಿ ವಿಂಗಡಿಸಬೇಕು. ಹಳೆಯ ಬಣ್ಣ ಬಳಿದ ಮರದಲ್ಲಿ ಸೀಸವಿರಬಹುದು. ಅದು ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಗುಂಡಿಯಾಕಾರದ ಸಣ್ಣ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳವೇ ಸುಟ್ಟುಹೋದೀತು. ಬಂದುದರಲ್ಲಿ ಯಾವುದನ್ನು ತಿರಸ್ಕರಿಸಬೇಕೆಂದು ತಿಳಿದವರು ಉಗ್ರಾಣದಲ್ಲಿ ಇರಲೇಬೇಕು. ಅವರಿಗೆ ಸಂಬಳ ಬೇಕು. ಉಗ್ರಾಣಕ್ಕೆ ಬಾಡಿಗೆ ಬೇಕು. ಬಂಡಿಗೆ ಎಣ್ಣೆ ಬೇಕು.

ಆದರೆ ದಾನಿಗಳ ಒಲವು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಹೊಸ ಯೋಜನೆಯ ಕಡೆಗೆ. ಪ್ರದರ್ಶನಕ್ಕೆ, ಸ್ಪರ್ಧೆಗೆ, ಒಂದು ವರ್ಷದ ಶಿಬಿರಕ್ಕೆ ಹಣ ದೊರೆತೀತು. ಬಾಡಿಗೆಗೂ ವಿಂಗಡಿಸುವವರ ಕೂಲಿಗೂ ದೊರೆಯುವುದು ಕಷ್ಟ. ಒಲೆಯನ್ನು ದಾನ ಮಾಡಿ ಸೌದೆಯನ್ನು ಕೊಡದಿದ್ದಂತೆ ಇದು. ಇನ್ನು ಲೆಕ್ಕ ಕೇಳುವ ರೀತಿಯಾದರೂ ಎಂಥದು? ಎಷ್ಟು ಟನ್ ಕಸ ಉಳಿಸಿದಿರಿ ಎಂಬುದೊಂದೇ ಪ್ರಶ್ನೆಯಾದರೆ, ಭಾರವಾದ ಮುರುಕು ಮೇಜಿಗೆ ದೊರೆಯುವ ಮಾನ್ಯತೆ ನೂರು ಮಕ್ಕಳ ಕೈಗೆ ಸಾಲುವ ಒಂದು ಡಬ್ಬಿ ಗುಂಡಿಗಳಿಗೆ ದೊರೆಯದು. ತಕ್ಕಡಿಯಿಂದ ಅಳೆಯಬಹುದಾದ್ದು ಕಸ, ಕಲಿಕೆಯಲ್ಲ.

ಶಾಲೆಗಳಲ್ಲಿ ಕಲಾ ಉಪಾಧ್ಯಾಯರೇ ಇಲ್ಲದಿರುವಾಗ ಹಳೆಯ ಸಾಮಾನಿಗೆ ಹಣ ಸುರಿಯುವುದೇಕೆ ಎಂದು ಕೆಲವರು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಕಲಿಸುವವರಿಲ್ಲದೆ ಎಂಥ ಒಳ್ಳೆಯ ಸಾಮಗ್ರಿಯೂ ಬರಿಯ ರಾಶಿ. ಆದುದರಿಂದಲೇ ನ್ಯೂಯಾರ್ಕಿನ ಕೇಂದ್ರ ಸಾಮಗ್ರಿಯನ್ನು ಹಂಚುವುದರೊಡನೆ ಉಪಾಧ್ಯಾಯರಿಗೆ ತರಬೇತಿಯನ್ನೂ ಕೊಡುತ್ತದೆ. ಸಹಾಯಧನ ಉಪಾಧ್ಯಾಯರ ಸ್ಥಾನವನ್ನು ಕಸಿಯುವಂತಿರಬಾರದು. ಅವರ ಕೈಯನ್ನು ಬಲಪಡಿಸುವಂತಿರಬೇಕು.

ನಮ್ಮ ದೇಶಕ್ಕೂ ಈ ವಿಚಾರ ಹೊರಗಿನದಲ್ಲ. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಕೊಳವೆಯ ತುಂಡುಗಳಿಂದ ವಿಜ್ಞಾನದ ಆಟಿಕೆಗಳನ್ನು ಕಟ್ಟಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರನ್ನು ಬಲ್ಲ ಉಪಾಧ್ಯಾಯರು ಅನೇಕರು. ಹಣದ ದಾರಿಯೂ ಇಲ್ಲದಿಲ್ಲ. 2013ರ ಕಂಪನಿ ಕಾಯಿದೆಯ 135ನೆಯ ಕಲಮು, ನಿಗದಿಯಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆನ್ನುತ್ತದೆ. ಶಿಕ್ಷಣ, ಪರಿಸರ, ಕಲೆ ಮೂರೂ ಆ ಪಟ್ಟಿಯಲ್ಲಿವೆ. ಮೂರಕ್ಕೂ ಸಲ್ಲುವ ಕಾರ್ಯವನ್ನು ‘ಇದು ನಮ್ಮ ವಿಭಾಗದ್ದಲ್ಲ’ ಎಂದು ಒಬ್ಬರು ಇನ್ನೊಬ್ಬರ ಬಾಗಿಲಿಗೆ ಕಳುಹಿಸುವಂತಾಗಬಾರದು.

ಆಗಬೇಕಾದ್ದು ಇಷ್ಟು: ಸಹಾಯಧನ ಒಂದು ವರ್ಷಕ್ಕೆ ಮುಗಿಯದೆ ಕನಿಷ್ಠ ಮೂರು ವರ್ಷಗಳಿಗಿರಲಿ, ಅದರಲ್ಲಿ ಬಾಡಿಗೆಗೂ ಸಂಬಳಕ್ಕೂ ಸ್ಪಷ್ಟವಾದ ಪಾಲಿರಲಿ, ಎಷ್ಟು ಶಾಲೆಗಳು ಮತ್ತೆ ಮತ್ತೆ ಬಂದುವು, ಯಾವ ವಸ್ತುಗಳನ್ನು ಅಪಾಯಕರವೆಂದು ತಿರಸ್ಕರಿಸಲಾಯಿತು ಎಂಬ ಲೆಕ್ಕವನ್ನು ಕೇಳಲಿ. ಕಸ ಸಾಗಿಸುವ ಖರ್ಚು ಯಾರಿಗೆ ಉಳಿಯಿತೋ ಅವರೂ ಒಂದು ಪಾಲು ಹೊರಲಿ. ರೆಜ್ಜೊ ಎಮಿಲಿಯಾದಲ್ಲಿ ಪುರಸಭೆಯೊಡನೆ ಕಸ ನಿರ್ವಹಿಸುವ ಕಂಪನಿಯೂ ಕೈಜೋಡಿಸಿರುವುದು ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ. ಇಷ್ಟನ್ನು ಮಾಡದೆ ದಾನಿಗಳು ಪ್ರದರ್ಶನದ ದಿನ ದೀಪ ಬೆಳಗಿ ಹೊರಟುಹೋದರೆ, ಮರುವರ್ಷ ಉಗ್ರಾಣದ ಬಾಗಿಲಿಗೆ ಬೀಗ ಬೀಳುವುದು. ಮಕ್ಕಳ ಕೈ ಸೇರಬೇಕಾದ ಸಾಮಗ್ರಿ ಎಂದಿನಂತೆ ತಿಪ್ಪೆಯನ್ನು ಸೇರುವುದು.