ಎಕ್ಯೂಐ ಸ್ಕ್ರೀನ್‌ಶಾಟ್ ಹಾಕೋರಿಗೆ: ಮಷಿನ್ ಎಷ್ಟು ಗಾಳಿ ಎಳೀತು ಅಂತ ಕೇಳಿದ್ರಾ?

(1/5)
ದೀಪಾವಳಿ ಬಂದ್ರೆ ಸಾಕು, ನಿಮ್ಮೆಲ್ಲರ ಸ್ಟೋರಿ ಒಂದೇ ಥರ. ಎಡಕ್ಕೆ ದೆಹಲಿಯ ಕೆಂಪು ನಂಬರ್, ಬಲಕ್ಕೆ ಬೆಂಗಳೂರಿನ ಹಸಿರು ನಂಬರ್, ಮೇಲೆ "ನಮ್ಮೂರೇ ಬೆಸ್ಟ್ ಗುರೂ" ಅಂತ ಸ್ಟಿಕರ್. ಇನ್ನೊಂದು ಗ್ಯಾಂಗ್ ಇದೆ. ಅವರು ಆನ್‌ಲೈನಲ್ಲಿ ತರಿಸಿದ ಪುಟ್ಟ ಡಬ್ಬಿಯ ಫೋಟೋ ಹಾಕಿ "ಸರ್ಕಾರ ಸುಳ್ಳು ಹೇಳ್ತಿದೆ" ಅಂತಾರೆ. ಎರಡೂ ಗ್ಯಾಂಗಿಗೆ ನನ್ನದು ಒಂದೇ ಜಗಳ: ಆ ನಂಬರಿಗೆ ವೋಚರ್ ಎಲ್ಲಿ?

ನಾವು ಬಿಕಾಂನವರು. ಆಡಿಟಿಂಗ್ ಪೇಪರಲ್ಲಿ ವೋಚರ್ ಇಲ್ಲದ ಎಂಟ್ರಿ ಸಿಕ್ರೆ ಅರ್ಧ ಪುಟ ಉಗೀತೀವಿ. ಉಸಿರಾಡೋ ಗಾಳಿಯ ಲೆಕ್ಕ ಬಂದಾಗ ಮಾತ್ರ ಆ್ಯಪ್ ಹೇಳಿದ್ದೇ ವೇದ.

(2/5)
ಮೊದಲು ಮಷಿನ್ ಏನು ಮಾಡುತ್ತೆ ನೋಡಿ. ಸರ್ಕಾರಿ ಸ್ಟೇಷನ್‌ಗಳಲ್ಲಿ ಹೆಚ್ಚಾಗಿ ಇರೋದು ಬೀಟಾ ಮಷಿನ್. ಒಂದು ಪಂಪ್ ಗಾಳಿ ಎಳೆಯುತ್ತೆ, ಧೂಳು ಒಂದು ಟೇಪಿನ ಮೇಲೆ ಕೂರುತ್ತೆ, ಟೇಪಿನ ಮೂಲಕ ಬೀಟಾ ಕಿರಣ ಎಷ್ಟು ದಾಟುತ್ತೆ ಅನ್ನೋದರಿಂದ ಧೂಳಿನ ತೂಕ ಸಿಗುತ್ತೆ. ಆ ತೂಕವನ್ನು ಎಳೆದ ಗಾಳಿಯ ಪ್ರಮಾಣದಿಂದ ಭಾಗಿಸಿದ್ರೆ ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಅನ್ನೋ ನಿಮ್ಮ ನಂಬರ್. ಭಾಗಾಕಾರ ಅಷ್ಟೆ.

ಗಾಳಿ ಎಳೆಯೋ ವೇಗ ನಿಮಿಷಕ್ಕೆ 16.7 ಲೀಟರ್ ಇರಬೇಕು. 60ರಿಂದ ಗುಣಿಸಿ ನೋಡಿ, ಗಂಟೆಗೆ ಸುಮಾರು 1,000 ಲೀಟರ್, ಅಂದ್ರೆ ಒಂದು ಘನ ಮೀಟರ್.

ಈಗ ಪಂಪ್ ಹಳೇದಾಗಿ, ಸೆನ್ಸರ್ ಜಾರಿ, ನಿಜವಾಗಿ ಎಳೀತಿರೋದು 14 ಲೀಟರ್ ಅಂತಿಟ್ಕೊಳ್ಳಿ. ಮಷಿನ್ ಮಾತ್ರ 16.7 ಅಂದುಕೊಂಡೇ ಭಾಗಿಸುತ್ತೆ. ನಿಜವಾದ 70 ಅಲ್ಲಿ ಸುಮಾರು 59 ಆಗುತ್ತೆ. ಪಿಎಂ 2.5ಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ 60. ಮಿತಿ ಮೀರಿದ ದಿನ ಪಾಸ್ ಆಗಿಹೋಯ್ತು! ಯಾರೂ ಸುಳ್ಳು ಬರೀಲಿಲ್ಲ, ಛೇದ ತಪ್ಪಾಗಿತ್ತು ಅಷ್ಟೇ.

(3/5)
ಇಲ್ಲಿಗೆ ಮುಗಿದಿದ್ರೆ ಸುಲಭ ಇತ್ತು. 2.5 ಮೈಕ್ರಾನ್‌ಗಿಂತ ದೊಡ್ಡ ಧೂಳನ್ನು ಬೇರೆ ಮಾಡೋದೂ ಅದೇ ಗಾಳಿಯ ವೇಗ. ಒಳಗೊಂದು ಸೈಕ್ಲೋನ್ ಇರುತ್ತೆ, ಗಾಳಿ ಅದರಲ್ಲಿ ಗಿರಕಿ ಹೊಡೆಯುವಾಗ ಭಾರದ ಕಣ ಗೋಡೆಗೆ ಬಡಿದು ಉಳೀತವೆ, ಹಗುರದ್ದು ಮುಂದೆ ಹೋಗುತ್ತೆ. ವೇಗ ಕಮ್ಮಿ ಆದ್ರೆ ಗಿರಕಿ ಸಡಿಲ, ದೊಡ್ಡ ಕಣಗಳೂ ಒಳಗೆ ನುಗ್ಗಿ ತೂಕ ಏರುತ್ತೆ. ವೇಗ ಜಾಸ್ತಿ ಆದ್ರೆ ಲೆಕ್ಕಕ್ಕೆ ಬರಬೇಕಾದ ಸಣ್ಣವೂ ಗೋಡೆಗೇ ಅಂಟ್ಕೋತವೆ.

ಅಂದ್ರೆ ಫ್ಲೋ ಇಳಿದಾಗ ಒಂದು ತಪ್ಪು ನಂಬರನ್ನು ಕೆಳಗೆ ಎಳೆಯುತ್ತೆ, ಇನ್ನೊಂದು ಮೇಲೆ ತಳ್ಳುತ್ತೆ. ಫಸ್ಟ್ ಸೆಮ್ ನೆನಪಿದ್ಯಾ? ಕಾಂಪನ್ಸೇಟಿಂಗ್ ಎರರ್! ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ, ಪುಸ್ತಕ ತಪ್ಪಾಗೇ ಇರುತ್ತೆ. "ನಂಬರ್ ನೋಡೋಕೆ ಸರಿಯಾಗೇ ಇದೆಯಲ್ಲ" ಅನ್ನೋ ವಾದ ಇಲ್ಲೇ ಸತ್ತೋಯ್ತು.

ಇದಕ್ಕಿಂತ ಕೆಟ್ಟದ್ದು ಲೀಕ್. ಮಷಿನ್‌ನ ಸ್ವಂತ ಫ್ಲೋ ಸೆನ್ಸರ್ ಇರೋದು ಟೇಪ್ ದಾಟಿದ ಮೇಲೆ, ಪಂಪ್ ಕಡೆಗೆ. ಟೇಪನ್ನು ಒತ್ತಿ ಹಿಡಿಯೋ ನಳಿಕೆಯ ಬಾಯಲ್ಲಿ ಕಸ ಕೂತ್ರೆ ಗಾಳಿ ಪಕ್ಕದ ಸಂದಿಯಿಂದ ನುಗ್ಗುತ್ತೆ. ಸೆನ್ಸರ್‌ಗೆ ಅದು ಗೊತ್ತೇ ಆಗಲ್ಲ, ಪರದೆ ಮೇಲೆ 16.7 ಹಾಗೇ ಮಿನುಗ್ತಿರುತ್ತೆ. ಕ್ಯಾಷಿಯರ್ ತನ್ನ ಕ್ಯಾಷ್ ಬುಕ್ಕಿಗೆ ತಾನೇ ಸಹಿ ಹಾಕಿದ ಹಾಗೆ. ಅದಕ್ಕೇ ಹೊರಗಿನಿಂದ, ಬೇರೆ ಕಡೆ ಪರೀಕ್ಷೆಯಾದ ಮೀಟರ್ ತಂದು, ಗಾಳಿ ಒಳಬರೋ ಬಾಯಿಗೇ ಹಚ್ಚಿ ತಾಳೆ ನೋಡ್ಬೇಕು. ಬ್ಯಾಂಕ್ ರಿಕನ್ಸಿಲಿಯೇಷನ್ ಅಂದ್ಕೊಳ್ಳಿ. ಮೊದಲು ಲೀಕ್ ಚೆಕ್, ಆಮೇಲೆ ತಾಪಮಾನ, ಒತ್ತಡ, ಕೊನೆಗೆ ಫ್ಲೋ. ಅಮೆರಿಕದ ಇಪಿಎ ನಿಯಮದಲ್ಲಿ ಈ ತಾಳೆ ತಿಂಗಳಿಗೊಮ್ಮೆ ಆಗ್ಬೇಕು, ವ್ಯತ್ಯಾಸ ಸುಮಾರು 4% ಒಳಗಿರ್ಬೇಕು.

ಒತ್ತಡ ಯಾಕೆ ಅಂದ್ರೆ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 10% ಕಮ್ಮಿ. ಅಲ್ಲಿ ಸೆಟ್ ಮಾಡಿದ್ದನ್ನ ಇಲ್ಲಿ ತಂದು ಪ್ಲಗ್ ಹಾಕಿ ಬಿಡೋಕಾಗಲ್ಲ.

(4/5)
ಡಬ್ಬಿ ಗ್ಯಾಂಗ್, ನಗಬೇಡಿ. ನಿಮ್ಮದರಲ್ಲಿ ಪಂಪೇ ಇಲ್ಲ, ಬೆರಳಗಲದ ಫ್ಯಾನ್ ಇದೆ. ಅದು ತೂಕ ಮಾಡಲ್ಲ, ಲೇಸರ್ ಬೆಳಕು ಚದುರೋದನ್ನ ನೋಡಿ ಅಂದಾಜು ಮಾಡುತ್ತೆ. ಫ್ಯಾನಿಗೆ ಧೂಳು ಕಟ್ಟಿದ್ರೆ ಫ್ಲೋ ಬದಲಾಗುತ್ತೆ, ಮಂಜಿನ ಬೆಳಿಗ್ಗೆ ತೇವ ಹೀರಿ ಉಬ್ಬಿದ ಕಣವನ್ನೂ ಹೊಗೆ ಅಂತ ಲೆಕ್ಕ ಹಿಡಿಯುತ್ತೆ. ಸರ್ಕಾರಿ ಮಷಿನ್ ಪಕ್ಕ ಕೆಲವು ವಾರ ಇಟ್ಟು ಹೋಲಿಸಿದ್ರೆ ಒಳ್ಳೇ ಉಪಯೋಗ ಇದೆ. ಬಾಕ್ಸ್ ಒಡೆದು ಸೀದಾ ಕ್ರಾಂತಿಗೆ ಇಳಿದ್ರೆ ಇಲ್ಲ.

"ಇದೆಲ್ಲ ಎಂಜಿನಿಯರಿಂಗ್ ಹುಡುಗರ ಸಿಲಬಸ್" ಅಂತ ಕಾಮೆಂಟ್ ಬರುತ್ತೆ, ಗೊತ್ತು. ದುಡ್ಡಿನ ವಿಷಯ ಕಣ್ರೋ ಇದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಾಲ್ಕೂ ಇವೆ. ಊರು ಸುಧಾರಿಸ್ತಾ ಅಂತ ಅಳೆಯೋದು ಪಿಎಂ 10 ಇಳಿಕೆ ಮೇಲೆ. ಹತ್ತು ಲಕ್ಷ ದಾಟಿದ ನಗರಗಳಿಗೆ 15ನೇ ಹಣಕಾಸು ಆಯೋಗ ಕೊಟ್ಟ ಅನುದಾನವನ್ನೂ ಗಾಳಿಯ ಸುಧಾರಣೆಗೆ ಕಟ್ಟಿದ್ದರು. ನಂಬರ್ ಇಳಿದ್ರೆ ಲಾಭ ಇರೋ ಕಡೆ, ಆ ನಂಬರಿನ ಛೇದವನ್ನು ಹೊರಗಿನವರು ತಾಳೆ ನೋಡ್ಬೇಕು ಅನ್ನೋದು ಆಡಿಟಿಂಗ್‌ನ ಮೊದಲ ಪಾಠ ತಾನೇ?

ಪೆಟ್ರೋಲ್ ಬಂಕಲ್ಲಿ ಅನುಮಾನ ಬಂದ್ರೆ 5 ಲೀಟರ್ ಅಳತೆ ಪಾತ್ರೆ ತರಿಸಿ ನಿಮ್ಮ ಕಣ್ಮುಂದೆ ಅಳೆಸಬಹುದು. ತರಕಾರಿ ಅಂಗಡಿ ತಕ್ಕಡಿಗೂ ಇಲಾಖೆ ಮುದ್ರೆ ಬೇಕು. ಗಾಳಿ ಅಳೆಯೋ ಪೆಟ್ಟಿಗೆ ವಿಷಯದಲ್ಲಿ? ಆ್ಯಪಲ್ಲಿ ನಂಬರ್ ಇದೆ, ಬಣ್ಣ ಇದೆ, ಕೊನೇ ಫ್ಲೋ ಚೆಕ್ ಯಾವತ್ತು ಆಯ್ತು ಅನ್ನೋ ಒಂದು ಸಾಲು ಇಲ್ಲ. ಚೆಕ್ ಮಾಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಮಾಡಿದ್ರೆ ತೋರಿಸೋಕೆ ಏನು ಕಷ್ಟ?

(5/5)
ಕೇಳೋಕೆ 10 ರೂಪಾಯಿ ಸಾಕು. ಆರ್‌ಟಿಐ ಅರ್ಜಿ, ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಹೀಗೆ ಬರೀರಿ: "ನಮ್ಮ ಬಡಾವಣೆಗೆ ಹತ್ತಿರದ ನಿರಂತರ ಗಾಳಿ ಮಾಪನ ಕೇಂದ್ರದ ಪಿಎಂ ಉಪಕರಣಕ್ಕೆ ಕಳೆದ 12 ತಿಂಗಳಲ್ಲಿ ನಡೆಸಿದ ಲೀಕ್ ಪರೀಕ್ಷೆ ಹಾಗೂ ಫ್ಲೋ ಪರೀಕ್ಷೆಗಳ ದಿನಾಂಕ, ಪರೀಕ್ಷೆಗೆ ಮೊದಲಿನ ಮತ್ತು ನಂತರದ ಅಳತೆ, ಬಳಸಿದ ಮೀಟರಿನ ಪ್ರಮಾಣಪತ್ರದ ಪ್ರತಿ ನೀಡಿ." "ಮೊದಲಿನ" ಅನ್ನೋ ಪದ ಬಿಡಬೇಡಿ. ಸರಿ ಮಾಡಿದ ಮೇಲಿನ ಅಳತೆ ಎಲ್ಲರದೂ 16.7 ಇರುತ್ತೆ. ಅಲ್ಲಿವರೆಗೆ ಎಷ್ಟು ತಪ್ಪಿತ್ತು ಅನ್ನೋದು ಹಿಂದಿನ ಕಾಲಂನಲ್ಲಿರುತ್ತೆ.

ದಾವಣಗೆರೆ, ಕಲಬುರಗಿ ಕಡೆಯವರು ನಿಮ್ಮೂರಿಂದಲೂ ಹಾಕಿ. ಉತ್ತರ ಬಂದ್ರೆ ಆ ಪುಟದ ಫೋಟೋ ಸ್ಟೋರಿಗೆ ಹಾಕಿ ಟ್ಯಾಗ್ ಮಾಡಿ, ಎಲ್ಲಾ ಒಂದೇ ಶೀಟಿಗೆ ಸೇರಿಸ್ತೀನಿ.

#ಗಾಳಿಗೂಆಡಿಟ್ #ವೋಚರ್‌ಎಲ್ಲಿ